ಗಡ್ಡಿ ದೇಶದ ರಸೀದಿ

ನಾಲ್ಕೂ ಕಡೆ ನೀರಿರುವ ನೆಲವೇ ದ್ವೀಪ
ಎಂದು ಬೋರ್ಡಿನ ಮೇಲೆ ಬರೆದು ತಿರುಗಿದರೆ
ಒಬ್ಬರೂ ಬರೆದುಕೊಳ್ಳುತ್ತಿಲ್ಲ.
ಹದಿನಾಲ್ಕು ಮಂದಿಯೂ ಕಿಟಕಿಯಾಚೆ ನೋಡುತ್ತಿದ್ದಾರೆ.
"ಇದು ನಮ್ಮ ಹುಣಸಿಗಡ್ಡಿ ಅಲ್ರೀ ಟೀಚರ್?"
ಅಂದಳು ಅಯ್ಯಮ್ಮ.

ನಾರಾಯಣಪುರದ ಗೇಟು ಎತ್ತಿ ಮೂರು ದಿನ.
ಕೃಷ್ಣೆ ಎರಡೂ ಕವಲು ತುಂಬಿ
ಸುರಪುರದ ದಾರಿ ನುಂಗಿ
ಕರೆಂಟು ಕಂಬದ ಸೊಂಟಕ್ಕೆ ಕೈ ಹಾಕಿ ನಿಂತಿದ್ದಳು.
ಅತಿಥಿ ಶಿಕ್ಷಕಿ ನಾನು, ಅತಿಥಿಯಾಗಿಯೇ ಸಿಕ್ಕಿಬಿದ್ದೆ,
ಎರಡು ಸೀರೆ, ಒಂದು ಹಾಜರಿ ಪುಸ್ತಕ.

ದೇಶವಾದದ್ದು ಅದೇ ಮಧ್ಯಾಹ್ನ, ಬಿಸಿಯೂಟದ ಮೇಲೆ.
ಬೇಳೆ ತೀರಿತ್ತು; ಬರೀ ಅನ್ನ, ಕೆಂಪು ಖಾರ.
ದೇಶಗಳು ಹಾಗೇ ಹುಟ್ಟುತ್ತವೇನೋ.
ಮಹಿಬೂಬಿಯ ಅವ್ವನ ಹಳೆ ಕುಪ್ಪಸದ ತೋಳು ಬಾವುಟ,
ಅದರ ಮೇಲೆ ಇದ್ದಿಲಲ್ಲಿ ಎರಡು ಸೋರೆಬುರುಡೆ:
ಹೊಟ್ಟೆಗೆ ಕಟ್ಟಿಕೊಂಡು ಅಪ್ಪಂದಿರು ಹೊಳೆ ಈಜುವ ಬುರುಡೆ.
ಮೌನೇಶ ಕರೋಡಗಿರಿ ನಾಕೇದಾರ,
ಕೈಯಲ್ಲಿ ಬಿದಿರ ಗಳ.

ಆ ಮಾತು ಕೊಟ್ಟವನು ತಿಪ್ಪಯ್ಯಜ್ಜ.
ಎಲ್ಲರೂ ನಕ್ಕರು, ಅವನು ನಗಲಿಲ್ಲ.
ಹರಿದ ಬಲೆ ಹೊಲಿಯುತ್ತ ಅಂದ:

"ಮೊದಲಿನ ಸ್ವಾತಂತ್ರ್ಯ ಬಂದಾಗ ನಾ ಇಷ್ಟೇ ಇದ್ದೆ.
ಮ್ಯಾಲಿನ ದಂಡಿಗೆ ಮುಂಬೈ ಸರಕಾರ, ಅಲ್ಲಿ ಬತಾಸ ಹಂಚಿದ್ರು.
ಈ ದಂಡಿ ನಿಜಾಮರದು, ಇಲ್ಲಿ ಬತಾಸ ತಿಂದ್ರ ಬಡಿತಿದ್ರು.
ಹೊಳಿ ಒಂದ. ಆದ್ರ ನೀರು ಯಾವ ಸರಕಾರದ್ದಂತ
ಮೀನಾ ಕೇಳಿ ಈಜಬೇಕಾಗಿತ್ತು.
ನಮ್ಮಪ್ಪ ಒಂದು ರಾತ್ರಿ ಹೋದ,
ಬುರುಡಿ ಒಳಗ ಬಾವುಟ ತುರುಕಿಕೊಂಡು ಬಂದ.
ಹದಿಮೂರು ತಿಂಗಳು ಅದು ಜ್ವಾಳದ ಹಗೇವಿನಾಗ ಕುಂತಿತ್ತು.
ನಮ್ಮ ಪಾಳಿ ಬಂದು ಹೊರಗ ತಗದ್ರ
ನುಸಿ ತಿಂದು ನಡುವಿನ ಬಿಳಿ ಪಟ್ಟಿ ಅಷ್ಟ ಉಳದಿತ್ತು.
ಶರಣಾದವರಂಗ ಕಾಣ್ತಿದ್ವಿ, ತಂಗಿ.
ಆದ್ರೂ ಏರಿಸಿದ್ವಿ."

ಯಾರಿಂದ ಸ್ವಾತಂತ್ರ್ಯ, ಅಂತ ಕೇಳಿದ್ದು ನಾನೇ.
ಟೀಚರಲ್ಲವೇ, ಬಾಯಿ ಸುಮ್ಮನಿರದು.
"ಹೊಳಿಯಿಂದ." "ಏ, ಅಕಿ ಅವ್ವ, ಅಕಿಗಿ ಅನಬ್ಯಾಡ."
"ಗೇಟಿನಿಂದ."
"ಫೋಟೋ ತಗಿಯೋರಿಂದ."
ಅಯ್ಯಮ್ಮ ಬಹಳ ಹೊತ್ತು ಸುಮ್ಮನಿದ್ದಳು.
ಹೋದ ವರ್ಷ ಅವಳ ಅಕ್ಕ ಬ್ಯಾನಿ ತಿನ್ನುತ್ತ
ಆಚೆ ದಂಡೆಯ ದೀಪ ನೋಡುತ್ತ ಮಲಗಿದ್ದ ಜಾಗ
ಈಗ ನೀರಿನಡಿ.
"ಕಾಯೂದರಿಂದ," ಅಂದಳು.

ಸಂವಿಧಾನ ಒಂದೇ ಸಾಲು, ಅವಳದೇ ಅಕ್ಷರ:
ಈ ದೇಶದಾಗ ರಾತ್ರಿ ಯಾರನ್ನೂ ದಂಡಿಮ್ಯಾಲ ಬಿಡಬಾರದು.
ನಾನು ಕೆಂಪು ಪೆನ್ನು ಹಿಡಿದು ಕೂತೆ.
ತಿದ್ದಲು ಏನೂ ಇರಲಿಲ್ಲ.

ಹತ್ತನೇ ದಿನ ಮೋಟಾರು ದೋಣಿ.
ಕಿತ್ತಳೆ ಅಂಗಿಯ ತಹಸೀಲ್ದಾರ ಸಾಹೇಬರು,
ಅಕ್ಕಿ, ಮೇಣದಬತ್ತಿ, ಇಬ್ಬರು ಕ್ಯಾಮೆರಾದವರು.
ಗಳ ಅಡ್ಡ ಹಿಡಿದ ಮೌನೇಶ: "ಪಾಸ್ ತೋರಸ್ರಿ."
ಸಾಹೇಬರು ನಕ್ಕು ಜೇಬು ತಡಕಿದರು,
ಚಾಕಲೇಟು ಕೊಟ್ಟರು. ಲಂಚ ಎಂದು ನಾಕೇದಾರ ತಿನ್ನಲಿಲ್ಲ,
ಸಂಜೆಯವರೆಗೆ.

ಮನೆಗೊಂದರಂತೆ ಇಪ್ಪತ್ತೆರಡು ಕಿಟ್ಟು, ಇಪ್ಪತ್ತೆರಡು ರಸೀದಿ.
ಆ ಕಟ್ಟಿನೊಳಗೆ ಯಾರು ಸೇರಿಸಿದರೋ ಇಪ್ಪತ್ಮೂರನೆಯದು:
"ಹುಣಸಿಗಡ್ಡಿ ಸ್ವತಂತ್ರ ದೇಶ ಅಂತ ಒಪ್ಪೀನಿ."
ಮೋಡ ಕಟ್ಟುತ್ತಿತ್ತು, ದೋಣಿಯವನು ಅವಸರಿಸುತ್ತಿದ್ದ.
ಸಾಹೇಬರು ಓದದೆ ಸಹಿ ಹಾಕಿದರು,
ಗುಮಾಸ್ತ ಮೊಹರು ಕುಟ್ಟಿದ.

ನೀರಿಳಿಯಿತು. ರೊಜ್ಜು, ಸೊಳ್ಳೆ, ಮತ್ತೆ ಮಗ್ಗಿ.
ಬಾವುಟ ಮಹಿಬೂಬಿಯ ತಮ್ಮನಿಗೆ ಟೊಪ್ಪಿಗೆಯಾಯಿತು.
ಕಾಗದ ಮಾತ್ರ ನನ್ನ ಟ್ರಂಕಿನಲ್ಲಿದೆ,
ಯಾದಗಿರಿಯ ಬಾಡಿಗೆ ಕೋಣೆಯಲ್ಲಿ.
ಮೊಹರು ನೇರಳೆ, ಸ್ವಲ್ಪ ಓರೆ.
ಅವತ್ತು ಅದನ್ನು ಬೆಳಕಿಗೆ ಹಿಡಿದು
ಬೆರಳಿಟ್ಟು ಕೂಡಿಸಿ ಓದಿದ್ದಳು ಅಯ್ಯಮ್ಮ:
"ತಾಲೂಕು... ದಂ... ದಂಡಾಧಿಕಾರಿ."
ಆಮೇಲೆ ನನ್ನ ಕಡೆ ನೋಡಿ,
"ಬರೀ ದಂಡಿಗಿ ಅಧಿಕಾರಿ ಏನ್ರೀ ಟೀಚರ್?
ಹಂಗಾರ ನಡುವ ಇರೋರಿಗಿ?"