ಚೀಟಿಯ ಬಲತುದಿ

ಮೀನೆಣ್ಣೆ ನಾರುವ ಮೆಟ್ಟಿಲು ಹತ್ತಿದರೆ
ಕ್ಲಾಕ್ಸ್‌ವೀಕ್ ಬಂದರು ಕಚೇರಿ, ಸುನ್ನುವಾಳ ಕೋಣೆ.
ಫಾರೋ ದ್ವೀಪಗಳ ನಡುವೆ ನೀರು ಯಾವಾಗ ತಿರುಗುತ್ತದೆ
ಎಂದು ದೋಣಿಯವರಿಗೆ ಹೇಳುವ ಸರ್ವರ್
ಅವಳ ಮೇಜಿನ ಕೆಳಗೆ, ಕಾಲಿಗೆ ಬೆಚ್ಚಗೆ.

ಲಾಗ್ ತೆರೆದಳು.
ಹತ್ತು, ಸೊನ್ನೆ, ಸೊನ್ನೆ, ಎರಡು.
ಮತ್ತೆ ಹತ್ತು, ಸೊನ್ನೆ, ಸೊನ್ನೆ, ಎರಡು.
ಬಂದವರೆಲ್ಲರಿಗೂ ಒಂದೇ ವಿಳಾಸ.

ಹೋದ ವಾರ ತಾನೇ ನಿಲ್ಲಿಸಿದ ಪ್ರಾಕ್ಸಿ ಅದು:
ಬಂದವರನ್ನು ಹೊಸ್ತಿಲಲ್ಲೇ ಕೂರಿಸಿ
ತಾನೇ ಒಳಗೆ ಬಂದು ಕೇಳಿ
ತಾನೇ ಒಯ್ದುಕೊಡುವ ಬಾಗಿಲವನು.
ಒಳಗಿದ್ದವರಿಗೆ ಕಾಣುವುದು ಅವನ ಮುಖವೊಂದೇ.

ಮೊನ್ನೆ ರಾತ್ರಿ ಯಾರೋ
ಮೂರು ಸೆಕೆಂಡಿಗೊಮ್ಮೆ ಬಡಿದರು, ಬಿಡದೆ.
ನಿದ್ದೆಗಣ್ಣಲ್ಲಿ ಆ ವಿಳಾಸಕ್ಕೆ ಅಗುಳಿ ಹಾಕಿದಳು.
ಬೆಳಗಾದರೆ ಹದಿನೆಂಟು ದ್ವೀಪವೂ ಹೊರಗೆ!
ಎತ್ತಿಗೆ ಜ್ವರ, ಎಮ್ಮೆಗೆ ಬರೆ,
ಇದು ನಮ್ಮ ಕಡೆಯ ಮಾತು.
ಫೋನಿನಲ್ಲಿ ಬೈದವರ ಮಾತಿನಲ್ಲಿ
ಬಹುಶಃ ಕುರಿ ಇತ್ತು.

ಬಾಗಿಲವನಿಗೆ ಚೀಟಿ ಬರೆಯಲು ಕಲಿಸಿದಳು:
ಯಾರ ಪರವಾಗಿ ಬಂದೆ, ಅವರು ಎಲ್ಲಿಯವರು.
ಆದರೆ ಚೀಟಿ ಯಾರು ಬೇಕಾದರೂ ಗೀಚಿ ತರಬಹುದಲ್ಲ,
ಒಬ್ಬ ತಂದೂ ಇದ್ದ, ಮೂರು ವಿಳಾಸ ಮೊದಲೇ ಬರೆದುಕೊಂಡು,
ಒಂದಂತೂ ದೇಶದ ಪ್ರಧಾನಿಯ ಕಚೇರಿಯದಂತೆ.
ಹಾಗಾಗಿ ಬಲಗಡೆಯಿಂದ ಓದಬೇಕು.
ತುದಿಯದೊಂದು ನನ್ನ ಬಾಗಿಲವನ ಕೈಬರಹ,
ಅವನು ಕಣ್ಣಾರೆ ಕಂಡದ್ದು.
ಅದರ ಎಡಕ್ಕೆ ಇರುವುದೆಲ್ಲ
ಅವರಿವರು ಹೇಳಿಕೊಂಡದ್ದು.

ಮಧ್ಯಾಹ್ನ ಮೂರಕ್ಕೇ ಕತ್ತಲು.
ಲಾಗಿನಲ್ಲಿ ಈಗ ಬಗೆಬಗೆಯ ಅಂಕಿಗಳು,
ಒಂದೊಂದಕ್ಕೂ ಒಂದೊಂದು ಅಡುಗೆಮನೆ, ಒಂದೊಂದು ದೋಣಿ.
ಬಡಿಯುವವನೂ ಸಿಕ್ಕ. ಅಂಕಿ ನೋಡಿದಳು,
ಮತ್ತೆ ನೋಡಿದಳು. ಬಾಯಿಪಾಠ ಇದ್ದದ್ದೇ:
ಕೆಳಗಿನ ಕಾಯುವ ಕೋಣೆಯ ವೈಫೈ.

ಗೋಡೆಯಲ್ಲಿ ಪರದೆ, ಎದುರಿಗೆ ಬೆಂಚಿನ ಮೇಲೆ
ಕಸ ಗುಡಿಸುವ ಹಾನುಸ್, ಥರ್ಮಾಸು, ಒಂದು ಕಾಲ್ಚೀಲದಲ್ಲಿ ತೂತು.
ಮುನ್ನೂರು ಸೆಕೆಂಡಿಗೊಮ್ಮೆ ಹೊಸದಾಗುತ್ತಿದ್ದದ್ದನ್ನು
ಅವನೇ ಮೂರು ಮಾಡಿದ್ದ.
‘ಮುಳ್ಳು ಹಂದಾಡೋದು ನೋಡಬೇಕು ಮಗಳೇ,
ಅಷ್ಟು ಹೊತ್ತು ಕಾಯೋ ವಯಸ್ಸಲ್ಲ ನಂದು.’

‘ಅರವತ್ತು’ ಎಂದಳು.
‘ಹತ್ತು’ ಎಂದ, ಥರ್ಮಾಸಿನ ಮುಚ್ಚಳ ತಿರುಗಿಸುತ್ತ.
ಕಾಫಿ ಎರಡು ಲೋಟಕ್ಕೆ ಬಿತ್ತು.
ಇನ್ನೂ ಇಪ್ಪತ್ತರ ಹತ್ತಿರ ಎಳೆದಾಡುತ್ತಿದ್ದಾರೆ.