ಬಳಕೆಗೆ ಸಿದ್ಧ

ನಮ್ಮೂರು ವುಚ್; ಹಾಗೆಂದರೆ ದೋಣಿ.
ತೇಲಲು ಹೊಳೆಯಿಲ್ಲ. ಇದ್ದೊಂದು ತೊರೆ
ಬಟ್ಟೆ ಗಿರಣಿಗಳ ಬಣ್ಣ ಕುಡಿದು ಕುಡಿದು
ಒಂದು ದಿನ ಕೆಂಪು, ಒಂದು ದಿನ ಹಸಿರು ಹರಿದು
ಕೊನೆಗೆ ಬೀದಿಯ ಕೆಳಗಿನ ಕೊಳವೆ ಸೇರಿತು.

ಆ ದಡದ ಬಣ್ಣಗಾತಿಯ ಮಗಳು ಗೆನೊವೆಫಾ,
ನನಗೆ ಕೆಲಸ ಕಲಿಸಿದವಳು.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಮ್ಮದು
ಕೂದಲಿಗಿಂತ ತೆಳುವಾಗಿ ಮಾಂಸ ಸೀಳುವ ಕೆಲಸ.
ಹೆಮಟಾಕ್ಸಿಲಿನ್ ಪುಡಿ ಕದಡಿ, ಸೀಸೆಯ ಬಾಯಿಗೆ ಹತ್ತಿ ತುರುಕಿ,
ಕಿಟಕಿಯ ಬಿಸಿಲಿಗಿಟ್ಟು ಎಂಟು ವಾರ ಕಾಯುತ್ತಿದ್ದಳು.
"ಮುಟ್ಟಬೇಡ, ಮಾಗ್ತಾ ಇದೆ"
ಅಡೆ ಹಾಕಿದ ಹಣ್ಣಿನ ಮಾತಾಡಿದ ಹಾಗೆ.
ಆಮೇಲೊಂದು ದಿನ ನಲ್ಲಿ ನೀರಿಗೆ ಒಂದು ಹನಿ:
ನೇರಳೆ ಹೊಗೆಯಂತೆ ಬಿಚ್ಚಿಕೊಂಡರೆ
ಮೂಗಿನಿಂದ ಹೂಂ ಅನ್ನುತ್ತಿದ್ದಳು.
ಅಷ್ಟೇ ಅವಳ ಹೊಗಳಿಕೆ.

ಈಗ ಪೆಟ್ಟಿಗೆಯಲ್ಲಿ ಬರುತ್ತದೆ. ಹನ್ನೆರಡು ಬಾಟಲಿ.
ಸೋಸಿದ್ದು, ಮಾಗಿಸಿದ್ದು, ಬಳಕೆಗೆ ಸಿದ್ಧ.
ಮುಚ್ಚಳ ತಿರುಗಿಸು, ಸುರಿ.
ಬಿಸಿಲಿಗೆ ಮಾಡಲು ಕೆಲಸವಿಲ್ಲ,
ಕಿಟಕಿಯಲ್ಲಿ ಯಾರೋ ಕಳ್ಳಿಗಿಡ ಇಟ್ಟಿದ್ದಾರೆ.

ಮಾರ್ಚಿನಲ್ಲಿ ಬಂದಳು, ನಿವೃತ್ತಿಯಾಗಿ ಇಪ್ಪತ್ತು ವರ್ಷದ ಮೇಲೆ.
ಕೋಟಿನೊಳಗಿಂದ ಸೌತೆ ಉಪ್ಪಿನಕಾಯಿಯ ಜಾಡಿ ತೆಗೆದಳು,
ಒಳಗೆ ಕಪ್ಪು.
"ನನ್ನ ಕೊನೆಯದು. ನಾಳೆ ನನ್ನ ತುಣುಕು ಬರುತ್ತೆ ನಿನ್ನ ಹತ್ತಿರ,
ಎಡ ಮೊಲೆಯದು. ಇದರಲ್ಲಿ ಅದ್ದು."

ಎರಡು ಗಾಜು ಮಾಡಿದೆ. ನಿಯಮಕ್ಕೊಂದು, ಅವಳಿಗೊಂದು.
ಜಾಡಿಯದು ಸತ್ತಿತ್ತು: ತಳದಲ್ಲಿ ಗಸಿ, ಮೇಲೆ ಚಹದ ಕಂದು.
ಅದ್ದಿದ ಗಾಜು ಮಂಜು ಕವಿದ ಕೆಸರು;
ಒಂದು ಕೋಶವೂ ತನ್ನ ಹೆಸರು ಹೇಳಲಿಲ್ಲ.
ಪೆಟ್ಟಿಗೆಯ ಬಾಟಲಿ ಐದೇ ನಿಮಿಷಕ್ಕೆ
ಎಲ್ಲ ಹೇಳಿಬಿಟ್ಟಿತು.

ಒಂದು ಸುಳ್ಳು ಕಟ್ಟಿಟ್ಟುಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ
ಕುರ್ಚಿ ಎಳೆದು, ಕನ್ನಡಕ ಹಣೆಗೇರಿಸಿ,
ಸೂಕ್ಷ್ಮದರ್ಶಕದ ತಿರುಪಿಗೆ ಬೆರಳಿಟ್ಟಳು,
ತನ್ನ ಮನೆಯ ಚಿಲಕಕ್ಕಿಟ್ಟ ಹಾಗೆ.
ಗುಲಾಬಿ ಬಯಲಲ್ಲಿ ನೀಲಿ ಬೀಜಗಳು
ಸಾಲು ಮುರಿದು, ಅಳತೆ ಮೀರಿ, ಒಂದರ ಮೇಲೊಂದು.
ನಲವತ್ತು ವರ್ಷ ಬೇರೆಯವರದರಲ್ಲಿ ನೋಡಿದ್ದು.

ಬಹಳ ಹೊತ್ತು.
ಹೊರಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
ಮೂಗಿನಿಂದ ಹೂಂ ಅಂದಳು.
"ನೀಲಿ ಚೆನ್ನಾಗಿ ಹಿಡಿದಿದೆ. ಕಲೆಯಿಲ್ಲ, ಒಂದೇ ಸಮ.
ಯಾರು ಮಾಡಿದ್ದು?"

ಬಾಟಲಿ ತಿರುಗಿಸಿ, ಬೆಳಕಿಗೆ ಹಿಡಿದು,
ಬ್ಯಾಚ್ ನಂಬರು ಓದಿ ಹೇಳಿದೆ.