ಒಂಟಿ ಕಾಳು

ಐ.ಜಿ. ರಸ್ತೆಯಲ್ಲಿ, ಕೀಲಿಕೈ ಮಾಡುವವನಿಗೂ ಬೇಕರಿಗೂ ನಡುವೆ
ಆರಡಿ ಅಗಲ ನನ್ನ ಅಂಗಡಿ.
ಜೆರಾಕ್ಸ್, ಲ್ಯಾಮಿನೇಶನ್, ಡಿ.ಟಿ.ಪಿ.
ಇಪ್ಪತ್ತೆರಡು ವರ್ಷದಿಂದ ಈ ಊರಿನ ಬಯೋಡೇಟಾ ನನ್ನ ಬೆರಳಲ್ಲಿ.
ಯಾರು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಬಿಟ್ಟರು, ಯಾರಿಗೆ ಎರಡು ಹುಟ್ಟಿದ ದಿನ,
ಕೇಳಿ, ಟೈಪು ಮಾಡಿ, ಮರೆತಿದ್ದೇನೆ.
'ಹವ್ಯಾಸ?' ಅಂದರೆ ಎಲ್ಲರೂ ಮೇಲೆ ನೋಡುತ್ತಿದ್ದರು
ಫ್ಯಾನಿನಲ್ಲಿ ಬರೆದಿದೆಯೇನೋ ಅನ್ನುವ ಹಾಗೆ.

ಈಗಿನ ಹುಡುಗರು ಪೆನ್‌ಡ್ರೈವೂ ತರುವುದಿಲ್ಲ.
'ಅಣ್ಣಾ, ವಾಟ್ಸಾಪ್ ಮಾಡಿದೀನಿ, ಎರಡು ಕಾಪಿ.'
ಯಂತ್ರ ಬರೆದದ್ದು. ಒಂದು ಕಾಗುಣಿತ ತಪ್ಪಿಲ್ಲ.
ಕಡೂರಿನವನೂ ಮೂಡಿಗೆರೆಯವಳೂ
ಒಂದೇ ವಾಕ್ಯದಲ್ಲಿ ಉತ್ಸಾಹಿಗಳು.
ಅದನ್ನು ಓದುವುದೂ ಯಂತ್ರವಂತೆ.
ಹಾಗಾದರೆ ನಡುವೆ ಈ ಕಾಗದ ಯಾಕೆ ಅಂತ ನಾನು ಕೇಳಲಿಲ್ಲ,
ಪುಟಕ್ಕೆ ಮೂರು ರೂಪಾಯಿ.

ಸಾವೇರಮ್ಮ ಬಂದದ್ದು ಒಂದು ಮಂಗಳವಾರ.
ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ವರ್ಷ ಕಾಫಿ ಕಾಳು ಆರಿಸಿದವಳು:
ಕರಿದು ಬೇರೆ, ಒಡಕು ಬೇರೆ, ಹುಳ ತಿಂದದ್ದು ಬೇರೆ.
ಈಗಲ್ಲಿ ಬಣ್ಣ ನೋಡುವ ಮಿಷನ್ನು.
ಕಾಳು ಬೀಳುತ್ತಿರುವಾಗಲೇ ಕಂಡುಹಿಡಿದು ಆಚೆಗೆ ಊದಿಬಿಡುತ್ತದಂತೆ.
'ಫೂ ಅಂತದೆ ಸಾರ್, ಅಷ್ಟೇ. ನಾವೂ ಹಂಗೇ ಹೋದ್ವಿ.'

'ಅನುಭವ?' ಅಂದೆ.
ಮೇಜಿನ ಮೇಲೆ ಎರಡೂ ಕೈ ಇಟ್ಟಳು.
ಹಿಂದೆ ಮೇಸ್ತ್ರಿ ಕೇಳುತ್ತಿದ್ದದ್ದು ಅದೊಂದೇ, 'ಕೈ ತೋರ್ಸು.'
ತೋರುಬೆರಳ ತುದಿ ನುಣ್ಣಗೆ. ಗೆರೆ ಸವೆದುಹೋಗಿ
ರೇಷನ್ ಅಂಗಡಿಯ ಪೆಟ್ಟಿಗೆಗೂ ಅವಳ ಗುರುತು ಹತ್ತುವುದಿಲ್ಲ.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ನಡುವೆ ನಾಲ್ಕು ವರ್ಷ ಖಾಲಿ ಇತ್ತು.
ಗಂಡ ಹಾಸಿಗೆ ಹಿಡಿದ ವರ್ಷಗಳು.
ಅರ್ಜಿಯ ಅಂಚು ಕೆಂಪಗಾಯಿತು: ಈ ಅವಧಿಯನ್ನು ವಿವರಿಸಿ.
'ಮಗ್ಗುಲು ಬದಲಾಯಿಸ್ತಿದ್ದೆ' ಅಂದಳು, 'ಎರಡು ಗಂಟೆಗೊಂದ್ಸಲ.'
ಹಾಗೇ ಟೈಪು ಮಾಡಿದೆ. ಯಂತ್ರ ತಿದ್ದಿ ಕೊಟ್ಟಿತು:
ಆರೈಕೆ ನಿರ್ವಹಣೆಯಲ್ಲಿ ಸಮಯಪಾಲನೆಯ ಪರಿಣತಿ.
ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಬಿಟ್ಟು,
'ಚೆನ್ನಾಗೈತೆ. ಅವ್ರಿಗೆ ಓದಿ ಹೇಳ್ಬೇಕಿತ್ತು.'

ಸಂದರ್ಶನವೂ ನನ್ನ ಅಂಗಡಿಯಲ್ಲೇ, ಸಂಜೆ ಏಳಕ್ಕೆ,
ಶಟರ್ ಅರ್ಧ ಎಳೆದು, ಫೋನನ್ನು ಸ್ಟೇಪ್ಲರಿಗೆ ಒರಗಿಸಿ.
ಹೆಣ್ಣು ದನಿ. ಕನ್ನಡವೇ, ಆದರೆ ಯಾವ ಊರಿನದೂ ಅಲ್ಲ.
'ನಿಮ್ಮ ಸಾಮರ್ಥ್ಯವನ್ನು ಒಂದು ನಿಮಿಷದಲ್ಲಿ ತಿಳಿಸಿ.'
ಸಾವೇರಮ್ಮ ಎರಡೂ ಕೈ ಎತ್ತಿ ತೋರಿಸಿದಳು.
'ದಯವಿಟ್ಟು ಮುಖ ಚೌಕಟ್ಟಿನೊಳಗೆ ಇರಲಿ.'
ಕೈ ಇಳಿಸಲಿಲ್ಲ.
'ದಯವಿಟ್ಟು ಮುಖ'
ಪಕ್ಕದಲ್ಲಿ ಬನ್ನು ಬೇಯುವ ವಾಸನೆ.

ಆಯ್ಕೆಯಾದಳು. ಯಾಕೆ, ಗೊತ್ತಿಲ್ಲ.
ಆಗದಿದ್ದರೂ ಗೊತ್ತಾಗುತ್ತಿರಲಿಲ್ಲ.
ರಾತ್ರಿ ಒಂದು ನಲವತ್ತಕ್ಕೆ ಮೆಸೇಜು.

ಕೆಲಸ ಇಷ್ಟೇ: ಫೋನಿಗೆ ಕಾಳಿನ ಫೋಟೊ ಬರುತ್ತವೆ,
ದಿನಕ್ಕೆ ಎಂಟುನೂರು.
ಒಳ್ಳೆಯದಕ್ಕೆ ಹಸಿರು ಗುಂಡಿ, ಕೆಟ್ಟದ್ದಕ್ಕೆ ಕೆಂಪು.
ಎಲ್ಲೋ ಒಂದು ಮಿಷನ್ನು ಅವಳ ಬೆರಳು ನೋಡಿ ಕಲಿಯುತ್ತಿದೆ.
ಅದು ಪೂರ್ತಿ ಕಲಿತ ದಿನ ಏನಾಗುತ್ತದೆಂದು
ನನಗೂ ಗೊತ್ತು, ಅವಳಿಗೂ. ಆ ಮಾತು ನಾವು ಆಡುವುದಿಲ್ಲ.

ನಿನ್ನೆ ಬಂದಿದ್ದಳು, ಹೊಸ ಕನ್ನಡಕ.
'ಇದ್ಕೇನ್ ಒತ್ಲಿ ಸಾರ್?'
ಹಣ್ಣಿನೊಳಗೆ ಎರಡಾಗಿ ಸೀಳದೆ
ಒಂದೇ ಆಗಿ ಬೆಳೆದ ಕಾಳು, ಗುಂಡಗೆ, ಬಟಾಣಿಯ ಹಾಗೆ.
ಪೀಬೆರಿ. ಅದಕ್ಕೆ ಅವಳ ಮೊಣಕಾಲ ಪಕ್ಕ ಬೇರೆಯೇ ಬುಟ್ಟಿ ಇರುತ್ತಿತ್ತಂತೆ.
'ಕೆಟ್ಟದ್ದಲ್ಲ. ಅವ್ರು ತೋರ್ಸಿರೋ ಒಳ್ಳೇದ್ರಂಗೂ ಇಲ್ಲ.
ಇದು ಒಂಟಿ.'
ಹಸಿರಿಗೂ ಕೆಂಪಿಗೂ ನಡುವೆ, ಗಾಜಿಗೆ ತಾಗದೆ,
ಸವೆದ ಬೆರಳು ನಿಂತೇ ಇತ್ತು.
ಸಮಯ ಮುಗಿದು ಫೋಟೊ ತಾನೇ ಹೋಯಿತು.
ಮುಂದಿನದು ಬಂತು.
ಅದು ಹುಳ ತಿಂದದ್ದು, ನನಗೇ ಕಾಣುತ್ತಿತ್ತು.